ಒಂದು ತಪ್ಪು ಲೆಕ್ಕದ ನಂತರ

ಹಾಸನ ಜಿಲ್ಲೆಯ ಒಂದು ಹಳ್ಳಿಯ ಹಾಲಿನ ಡೇರಿಯಲ್ಲಿ ನಾನು ಕಾರ್ಯದರ್ಶಿ. ಬೆಳಿಗ್ಗೆ, ಸಂಜೆ ಹಾಲು ಅಳೆದು, ಫ್ಯಾಟ್ ನೋಡಿ, ಪುಸ್ತಕದಲ್ಲಿ ಬರೆಯುವುದು ಕೆಲಸ. 2022ರ ಆಷಾಢದಲ್ಲಿ ಒಬ್ಬ ಅಜ್ಜನ ಹೆಸರಿನ ಮುಂದೆ 4.3ರ ಬದಲು 3.4 ಬರೆದೆ. ಬಟವಾಡೆಯಲ್ಲಿ ಅವರಿಗೆ ಇಪ್ಪತ್ತು ರೂಪಾಯಿಗೂ ಕಡಿಮೆ ವ್ಯತ್ಯಾಸವಾಯಿತು. ಚೀಟಿ ನೋಡಿ ಅವರೇ ಹೇಳಿದರು. ಸರಿ ಮಾಡಿಕೊಟ್ಟೆ. "ಬಿಡವ್ವ, ಆಯ್ತದೆ" ಅಂದು ಹೊರಟುಹೋದರು.

ಆ ರಾತ್ರಿ ಮಲಗಿದಾಗ ಒಳಗೆ ಒಂದು ಮಾತು ಶುರುವಾಯಿತು. 'ನಿನ್ನ ಕೈಲಿ ಆಗಲ್ಲ.' ಅದು ಬೇರೆ ಯಾರದೋ ದನಿ ಅಲ್ಲ. ನನ್ನದೇ ಯೋಚನೆ, ನಾನು ಆಡುವ ಮಾತಿನಲ್ಲೇ ಇತ್ತು. ಅದಕ್ಕೇ ನಂಬಿದೆ.

ಮೊದಲು ಡೇರಿಯ ವಿಷಯಕ್ಕೆ ಮಾತ್ರ ಬರುತ್ತಿತ್ತು. ಬರೆದದ್ದನ್ನು ಎರಡು ಸಲ ನೋಡುತ್ತಿದ್ದೆ, ಆಮೇಲೆ ಐದು ಸಲ. ಕ್ಯೂ ಉದ್ದವಾಗುತ್ತಿತ್ತು, ಜನ ಗೊಣಗುತ್ತಿದ್ದರು. 'ನೋಡು, ಅವರಿಗೂ ಗೊತ್ತಾಗಿದೆ' ಅನ್ನುತ್ತಿತ್ತು. ದೀಪಾವಳಿ ಹೊತ್ತಿಗೆ ಅಡುಗೆಮನೆಗೂ ಬಂತು. ಸಾರಿಗೆ ಉಪ್ಪು ಜಾಸ್ತಿಯಾದರೆ, ಮಗಳಿಗೆ ಮಾರ್ಕ್ಸ್ ಕಡಿಮೆ ಬಂದರೆ, ಹಸು ಹಾಲು ಕೊಡದಿದ್ದರೆ, ಎಲ್ಲಕ್ಕೂ ನಾನೇ ಕಾರಣ. ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತಿತ್ತು. ಎದೆ ಡವಗುಟ್ಟುತ್ತಿತ್ತು, ಅಂಗೈ ಬೆವರುತ್ತಿತ್ತು. ಊಟ ಸೇರುತ್ತಿರಲಿಲ್ಲ.

ಹೃದಯದ್ದೇ ಕಾಯಿಲೆ ಅಂದುಕೊಂಡು ಇಸಿಜಿ ಮಾಡಿಸಿದೆವು. ಥೈರಾಯ್ಡ್ ನೋಡಿದರು. ಎರಡೂ ಸರಿ ಇದ್ದವು. ನಮ್ಮತ್ತೆ ದೃಷ್ಟಿ ತೆಗೆದು ತಾಯಿತ ಕಟ್ಟಿಸಿದರು. ಆ ದಿನಗಳಲ್ಲಿ ನಸುಕಿನಲ್ಲಿ ಎದ್ದು ಹಸು ಕರೆದದ್ದೂ ಅವರೇ. ನಮ್ಮ ಮನೆಯವರು "ಸುಮ್ನೆ ತಲೆ ಕೆಡಿಸ್ಕೋಬೇಡ" ಅನ್ನುತ್ತಿದ್ದರು. ಅವರ ತಪ್ಪಿಲ್ಲ. ನಾನು ಅವರಿಗೆ ಅರ್ಧದಷ್ಟೂ ಹೇಳಿರಲಿಲ್ಲ.

2023ರ ಜನವರಿಯ ಒಂದು ರಾತ್ರಿ ಆ ಮಾತು ಬೇರೆಯಾಯಿತು. 'ನೀನಿಲ್ಲದಿದ್ದರೆ ಇವರು ಚೆನ್ನಾಗಿರುತ್ತಾರೆ.' ಅದು ನನಗೆ ಸರಿಯಾದ ಲೆಕ್ಕದಂತೆ ಕಂಡಿತು. ಅಳು ಬರಲಿಲ್ಲ. ಅಳು ಬರಲಿಲ್ಲವಲ್ಲ ಎಂದೇ ಹೆದರಿದೆ. ಆಶಾ ಕಾರ್ಯಕರ್ತೆ ಡೇರಿಯ ಗೋಡೆಗೆ ಅಂಟಿಸಿದ್ದ ಟೆಲಿ ಮಾನಸ್ ಸಹಾಯವಾಣಿಯ ಚೀಟಿಯ ನಂಬರ್ ದಿನಾ ಕಣ್ಣಿಗೆ ಬಿದ್ದು ಬಾಯಿಪಾಠವಾಗಿತ್ತು, 14416. ಕೊಟ್ಟಿಗೆಗೆ ಹೋಗಿ ಫೋನ್ ಮಾಡಿದೆ. ಒಬ್ಬ ಹೆಣ್ಣುಮಗಳು ಕನ್ನಡದಲ್ಲಿ ಮಾತಾಡಿದಳು. ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಸಾಯಬೇಕು ಅನಿಸ್ತಿದೆಯಾ ಅಮ್ಮ?" ಎಂದು ನೇರವಾಗಿ ಕೇಳಿದಳು. ಹೌದು ಅಂದೆ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಗಂಡನನ್ನು ಈಗಲೇ ಎಬ್ಬಿಸಿ, ಒಬ್ಬರೇ ಇರಬೇಡಿ ಅಂದಳು. ಎಬ್ಬಿಸಿದೆ. ಬೆಳಗಾಗುವವರೆಗೆ ಅವರು ನನ್ನ ಪಕ್ಕದಲ್ಲೇ ಕೂತಿದ್ದರು. ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮಾನಸಿಕ ವೈದ್ಯರು ಬರುತ್ತಾರೆ. ಆ ವಾರವೇ ಹೋದೆವು. ಆತಂಕ, ಜೊತೆಗೆ ಖಿನ್ನತೆ ಅಂದರು. ಎಸ್ಸಿಟಲೋಪ್ರಾಮ್ ಮಾತ್ರೆ ಕೊಟ್ಟು, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ನೀವಾಗಿ ನಿಲ್ಲಿಸಬೇಡಿ ಅಂದರು. ಮೊದಲ ಹತ್ತು ದಿನ ವಾಕರಿಕೆ, ಕೂತಲ್ಲಿ ಕೂರಲಾಗದ ಚಡಪಡಿಕೆ. ಮೂರನೇ ವಾರ ಒಂದು ರಾತ್ರಿ ಐದು ಗಂಟೆವರೆಗೆ ನಿದ್ದೆ ಮಾಡಿದೆ.

ಆಪ್ತಸಮಾಲೋಚಕಿ ಒಂದು ನೋಟ್‌ಬುಕ್ ಇಡಲು ಹೇಳಿದರು. ಬಂದ ಮಾತನ್ನು ಬಂದ ಹಾಗೇ ಬರೆಯಬೇಕು. ಪಕ್ಕದಲ್ಲಿ ಅದಕ್ಕೆ ಏನು ಸಾಕ್ಷಿ, ಅದರ ವಿರುದ್ಧ ಏನು ಸಾಕ್ಷಿ. ಈ ಬಗೆಯ ಚಿಕಿತ್ಸೆಯನ್ನು 1960ರ ದಶಕದಲ್ಲಿ ರೂಪಿಸಿದವರು ಅಮೆರಿಕದ ಮನೋವೈದ್ಯ ಆರನ್ ಬೆಕ್ ಎಂದು ಆಮೇಲೆ ತಿಳಿಯಿತು. ತಮ್ಮನ್ನೇ ಹಳಿಯುವ ಯೋಚನೆ ಖಿನ್ನತೆಯವರಲ್ಲಿ ಕರೆಯದೆಯೇ ನುಗ್ಗುತ್ತದೆ ಎಂದು ಅವರು ಗುರುತಿಸಿದ್ದರಂತೆ. ನನಗೆ ಆಗ ಅದೇನೂ ಗೊತ್ತಿರಲಿಲ್ಲ. ಕಾಲಂ ಎಳೆದು ಬರೆಯುವುದು ಗೊತ್ತಿತ್ತು. 'ನಿನ್ನ ಕೈಲಿ ಆಗಲ್ಲ' ಎಂದು ಬರೆದೆ. ಸಾಕ್ಷಿ: ಒಂದು ತಪ್ಪು. ವಿರುದ್ಧ: ಒಂಬತ್ತು ವರ್ಷದ ಪುಸ್ತಕಗಳು. ಓದಿ ಸಮಾಧಾನವೇನೂ ಆಗಲಿಲ್ಲ. ಬರೆದದ್ದು ಸುಳ್ಳು ಅನಿಸಿತು. ಆದರೂ ಬರೆಯಿರಿ ಅಂದರು. ಬರೆದೆ.

ಮೇ ತಿಂಗಳಲ್ಲಿ ಹಗುರವಾಯಿತು ಎಂದು ಮಾತ್ರೆ ಬಿಟ್ಟೆ. ಮೂರ್ನಾಲ್ಕು ದಿನ ತಲೆ ತಿರುಗಿತು. ತಿಂಗಳೊಳಗೆ ಮೂರು ಗಂಟೆಯ ಎಚ್ಚರ ವಾಪಸ್ ಬಂತು. ಇದಕ್ಕೂ ಒಂದು ಮಾತು ಸಿದ್ಧವಿತ್ತು, 'ಔಷಧಿಯಲ್ಲೂ ನೀನು ಫೇಲು.' ಡಾಕ್ಟರ್ ಮುಂದೆ ತಲೆ ತಗ್ಗಿಸಿ ಹೇಳಿದೆ. ಅವರು ಬೈಯಲಿಲ್ಲ. ಮತ್ತೆ ಶುರು ಮಾಡಿಸಿದರು. ಒಂದೂವರೆ ವರ್ಷ ನುಂಗಿದೆ. ಕೊನೆಗೆ ಅವರೇ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿ ನಿಲ್ಲಿಸಿದರು.

ಆ ಮಾತು ಹೋಗಿಲ್ಲ. ನಿದ್ದೆಗೆಟ್ಟರೆ ಬರುತ್ತದೆ, ಆಡಿಟ್ ಹತ್ತಿರ ಬಂದರೆ ಬರುತ್ತದೆ. ಈಗ ನಾಲ್ಕನೇ ನೋಟ್‌ಬುಕ್. ಕೆಲವು ವಾರ ಒಂದು ಸಾಲೂ ಇರುವುದಿಲ್ಲ. ಕೆಲವು ದಿನ ಪುಟ ತುಂಬುತ್ತದೆ. ಅಂಥ ದಿನ ನಮ್ಮ ಮನೆಯವರಿಗೆ "ಇವತ್ತು ಶುರುವಾಗಿದೆ" ಎಂದು ಹೇಳುತ್ತೇನೆ. ಅವರು ಸಂಜೆ ಡೇರಿಗೆ ಬಂದು ಕ್ಯಾನ್ ಎತ್ತಿ ಇಡುತ್ತಾರೆ.

ನಿನ್ನೆ ಬೆಳಿಗ್ಗೆಯೂ ಬಂತು, ಆ ಅಜ್ಜನ ಹಾಲು ಬರೆಯುವಾಗಲೇ. ಒಂದು ಸಲ ನೋಡಿದೆ. 4.2 ಎಂದು ಸರಿಯಾಗೇ ಇತ್ತು. ಇನ್ನೊಂದು ಸಲ ನೋಡಬೇಕು ಅನಿಸಿತು. ಹಿಂದೆ ನಿಂತಿದ್ದವರ ಕ್ಯಾನ್‌ಗೆ ಕೈ ಚಾಚಿದೆ.