ಐದು ಕಿಲೋಮೀಟರಿನ ಪಾಠ

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಗಾದೆ ಸುಳ್ಳಲ್ಲ. ಆದರೆ ಅದು ಜಗಳದ ಮಾತು, ಹೊಡೆತದ ಮಾತಲ್ಲ. ಜಗಳದಲ್ಲಿ ಇಬ್ಬರೂ ಮಾತನಾಡುತ್ತಾರೆ. ಹೊಡೆತದಲ್ಲಿ ಒಬ್ಬರು ಕೈ ಎತ್ತುತ್ತಾರೆ, ಇನ್ನೊಬ್ಬರು ಬಾಯಿ ಮುಚ್ಚಿಕೊಳ್ಳುತ್ತಾರೆ. ಈ ವ್ಯತ್ಯಾಸವನ್ನು ನಾನು ಕಲಿತದ್ದು ಪಠ್ಯಪುಸ್ತಕದಿಂದಲ್ಲ, ಒಂದು ಓಟದಿಂದ.

ಕಳೆದ ಚಳಿಗಾಲದಲ್ಲಿ, ಮನೆಯಲ್ಲಿ ಹಿಂಸೆ ಅನುಭವಿಸುವ ಹೆಣ್ಣುಮಕ್ಕಳಿಗೆ ನೆರವಾಗುವ ಸಂಸ್ಥೆಯೊಂದರ ಸಹಾಯಾರ್ಥ ಸೊಲ್ಲಾಪುರದಲ್ಲಿ 5 ಕಿ.ಮೀ. ಓಟ ಏರ್ಪಟ್ಟಿತ್ತು. ಓಡುವವರು ಪರಿಚಯದವರಿಂದ ಕಿಲೋಮೀಟರಿಗೆ ಇಷ್ಟು ಎಂದು ವಂತಿಗೆ ಕೂಡಿಸಬೇಕು. ನಮ್ಮ ಶಾಲೆಯಿಂದ ಆರು ಹುಡುಗಿಯರು, ಮೂವರು ಹುಡುಗರು ಹೆಸರು ಕೊಟ್ಟೆವು. ಸುದ್ದಿ ಕೇಳಿದ ನಮ್ಮ ಆಯಿ, "ಹೆಣ್ಣುಹುಡುಗಿ ರಸ್ತಾದಾಗ ಓಡೂದು ಛಂದ ಕಾಣತದೇನವಾ?" ಎಂದಳು. ಅಪ್ಪ, "ಓಡಲಿ ಬಿಡವ್ವಾ, ಪುಣ್ಯದ ಕೆಲಸ ಅದ" ಎಂದರು.

ಅಕ್ಕಲಕೋಟದ ಓಣಿ ಓಣಿ ತಿರುಗಿದೆವು. ಜಾತ್ರೆಗೆ, ಗಣಪತಿಗೆ ಕೇಳುವ ಮೊದಲೇ ಕೊಡುವ ಜನ ಈ ಕೆಲಸಕ್ಕೆ ಹಿಂದೆ ಮುಂದೆ ನೋಡಿದರು. "ಮಂದಿ ಮನಿ ಮಾತು ನಿಮಗ್ಯಾಕ?" ಎಂದು ಒಬ್ಬ ಅಂಗಡಿಕಾರರು ಕೇಳಿದರು. ಆದರೂ ಅನೇಕರು ಕಿಲೋಮೀಟರಿಗೆ ಐದು, ಹತ್ತು ರೂಪಾಯಿ ಬರೆಸಿದರು. ಒಬ್ಬ ತಾಯಿ ಬಾಗಿಲಲ್ಲೇ ನಿಂತು ನಮ್ಮ ಮಾತನ್ನು ಪೂರ್ತಿ ಕೇಳಿದರು. ಸೆರಗಿನ ಗಂಟು ಬಿಚ್ಚಿ ಇಪ್ಪತ್ತು ರೂಪಾಯಿ ಕೊಟ್ಟು, "ನನ್ನ ಹೆಸರು ಬರೀಬ್ಯಾಡವಾ" ಎಂದರು. ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಚಿಕ್ಕ ಮೊತ್ತ ಅದೇ, ಹೆಸರಿಲ್ಲದ ಸಾಲೂ ಅದೊಂದೇ. ಯಾಕೆಂದು ನಾನು ಕೇಳಲಿಲ್ಲ. ಕೇಳದೆಯೇ ತಿಳಿಯಿತು.

ಓಟದ ದಿನ ನಸುಕಿನ ಎಸ್.ಟಿ. ಬಸ್ಸು ಹಿಡಿದು ವಳಸಂಗ, ಕುಂಭಾರಿ ದಾಟಿ ಸೊಲ್ಲಾಪುರ ಸೇರಿದೆವು. ಎರಡೂ ಬದಿಗೆ ಬಿಳಿಜೋಳದ ಹೊಲಗಳು ಮಂಜಿನಲ್ಲಿ ನಿಂತಿದ್ದವು. ಓಟ ಕೋಟೆ ಮತ್ತು ಸಿದ್ಧೇಶ್ವರ ಕೆರೆಯ ಹತ್ತಿರದ ರಸ್ತೆಗಳಲ್ಲಿತ್ತು. 12ನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮರು ಕಟ್ಟಿಸಿದ್ದೆಂದು ಹೇಳುವ ಕೆರೆ ಅದು. ಅಂಥ ಕೆರೆ ಒಬ್ಬರ ಬುಟ್ಟಿ ಮಣ್ಣಿನಿಂದ ಆಗುವಂಥದಲ್ಲವೆಂದು ಅದನ್ನು ನೋಡಿದಾಗ ಅನಿಸಿತು.

ನಮ್ಮೊಂದಿಗೆ ಬೀಡಿ ಕಟ್ಟುವ ತಾಯಂದಿರೂ ಸೀರೆಯ ಕಚ್ಚೆ ಬಿಗಿದು ಓಡಿದರು. ಮೂರನೆಯ ಕಿಲೋಮೀಟರಿಗೆ ನನ್ನ ಪಕ್ಕೆ ಹಿಡಿಯಿತು. ಹಿಂದಿನಿಂದ ಬಂದ ಒಬ್ಬ ತಾಯಿ, "ಮೆಲ್ಲಕ ಓಡು ಮಗಳ, ನಿಂದ್ರಬ್ಯಾಡ ಅಷ್ಟ" ಎಂದರು. ಬಹುಮಾನ ಬರಲಿಲ್ಲ, ಆದರೆ ಓಟ ಮುಗಿಸಿದೆ.

ಅನಂತರ ವಕೀಲೆಯೊಬ್ಬರು ನಮಗೆ ತಿಳಿಯುವಂತೆ ಹೇಳಿದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ನೂರು ಹೆಂಗಸರಲ್ಲಿ ಸುಮಾರು 29 ಮಂದಿ ಗಂಡನ ಹಿಂಸೆ ಕಂಡವರು. ಇದನ್ನು ತಡೆಯಲು 2005ರಲ್ಲಿ ಆದ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೆಂಡತಿಗಷ್ಟೇ ಅಲ್ಲ, ತಾಯಿಗೆ, ಅಕ್ಕತಂಗಿಯರಿಗೂ ಅದರ ಆಸರೆಯುಂಟು. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಆಕೆಗಿದೆ. ಹೆಣ್ಣುಮಕ್ಕಳಿಗೆ ಸರಕಾರದ ಕಾನೂನು ನೆರವು ಉಚಿತ. ಹಿಂಸೆಯಿಂದ ಮಧ್ಯರಾತ್ರಿ ಮನೆ ಬಿಟ್ಟು ಬಂದವಳಿಗೆ ಬಸ್ಸಿನ ಚಾರ್ಜು, ಮಕ್ಕಳಿಗೆ ಊಟ, ನೋಟುಬುಕ್ಕು ಇವುಗಳಿಗೆ ನಮ್ಮ ಹಣ ಹೋಗುತ್ತದೆಂದೂ ಹೇಳಿದರು.

ನಾನು ಕೂಡಿಸಿದ್ದು ರೂ. 1,270. ಹನಿ ಹನಿ ಕೂಡಿದರೆ ಹಳ್ಳವಲ್ಲವೇ?

ಗೆಳೆಯ ಗೆಳತಿಯರೇ, ಹೆಂಗಸರಿಗಾಗಿ 181, ಮಕ್ಕಳಿಗಾಗಿ 1098, ತುರ್ತು ಸಮಯಕ್ಕೆ 112, ಈ ಸಂಖ್ಯೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿರಿ. ತಂದೆತಾಯಂದಿರಲ್ಲಿ ನನ್ನದೊಂದು ವಿನಂತಿ. ಪಕ್ಕದ ಮನೆಯಲ್ಲಿ ಅಳುವ ದನಿ ಕೇಳಿದರೆ ಕಿಟಕಿ ಮುಚ್ಚಬೇಡಿರಿ, ಹೋಗಿ ಬಾಗಿಲು ಬಡಿಯಿರಿ. "ಒಂದಿಷ್ಟು ಹೆಪ್ಪು ಬೇಕಾಗಿತ್ತು" ಎಂದು ಕೇಳಿದರೂ ಸಾಕು. ಎತ್ತಿದ ಕೈ ಅಷ್ಟಕ್ಕೇ ಕೆಳಗಿಳಿದೀತು.

— ಹತ್ತನೆಯ ಇಯತ್ತೆಯ ವಿದ್ಯಾರ್ಥಿನಿ