ಫ್ರೀ ಟಿಕೆಟ್ಟಿನ ಲೆಕ್ಕ

ಬೆಳಗಿನ ಜಾವ ಮೂರಕ್ಕೆ ಹುಬ್ಬಳ್ಳಿಯಿಂದ ಫೋನು. ದೊಡ್ಡಮ್ಮ ಹೋಗಿಬಿಟ್ಟರು. ಅಮ್ಮನನ್ನು ಮೊದಲ ವಿಮಾನಕ್ಕೆ ಹತ್ತಿಸಬೇಕು, ಆ್ಯಪ್ ತೆಗೆದೆ. ಆರು ಸಾವಿರ ಮೈಲ್ಸ್ ಇತ್ತು; ಮೈಲ್ಸಿಗೆ ಕೊಡೋ ಸೀಟು ಆವತ್ತು ಒಂದೂ ಇರಲಿಲ್ಲ. 7,200 ರೂಪಾಯಿ ಕೊಟ್ಟು ಟಿಕೆಟ್ ತಗೊಂಡೆ.

"ಕಾರ್ಡಲ್ಲಿ ಫ್ರೀ ಅಂತಿದ್ಯಲ್ಲೋ?" ಹೆಣ್ಣೂರು ದಾಟುವಾಗ ಅಮ್ಮ ಕೇಳಿದಳು.

ಕೆ.ಆರ್. ಪುರದ ಮನೆಗೆ ಬಂದು ಮೊದಲ ಸಲ ಲೆಕ್ಕ ಹಾಕಿದೆ. ವರ್ಷದ ಫೀಸು 5,000, ಅದರ ಮೇಲೆ 18% ಜಿಎಸ್‌ಟಿ 900. ಮೂರು ಲಕ್ಷ ಖರ್ಚಿಗೆ ಬಂದಿದ್ದು ಆ ಆರು ಸಾವಿರ ಮೈಲ್ಸ್. ಒಂದಕ್ಕೆ 70 ಪೈಸೆ ಹಿಡಿದರೂ 4,200. ಸೀಟು ಸಿಕ್ಕಿದ್ದರೂ ತೆರಿಗೆ, ಏರ್‌ಪೋರ್ಟ್ ಶುಲ್ಕ ಕೈಯಿಂದಲೇ. ಗುರಿ ಮುಟ್ಟಲೆಂದು ಇಂದಿರಾನಗರದ ನೂರಡಿ ರಸ್ತೆಯಲ್ಲಿ ಕೊಂಡ ಶೂ ಇದರಲ್ಲಿ ಸೇರಿಲ್ಲ.

ಆಫೀಸ್ ಖರ್ಚಲ್ಲಿ ತಿಂಗಳಿಗೆರಡು ಸಲ ಹಾರೋರಿಗೆ ಲಾಭ ಇದ್ದೀತು. ನಾನು ಹಾರೋದು ವರ್ಷಕ್ಕೊಮ್ಮೆ. ಕೂಡಿಡೋಣ ಅಂದರೆ ಇದು ಎಫ್‌ಡಿ ಅಲ್ಲ. 2024ರ ನವೆಂಬರಿನಲ್ಲಿ ವಿಸ್ತಾರ ಏರ್ ಇಂಡಿಯಾದಲ್ಲಿ ಸೇರಿಹೋಯಿತು, ಅದರ ಪಾಯಿಂಟುಗಳೂ ಹೊಸ ಮನೆಯ ರೂಲ್ಸಿಗೆ ಒಗ್ಗಿಕೊಳ್ಳಬೇಕಾಯಿತು.

ಕಾರ್ಡ್ ರದ್ದು ಮಾಡಿ ಅಂತ ಫೋನ್ ಮಾಡಿದೆ. "ನಾಲ್ಕು ಲಕ್ಷ ಖರ್ಚು ಮಾಡಿದ್ರೆ ಫೀಸು ಮನ್ನಾ ಸರ್" ಅಂದ ಹುಡುಗ. ಒಂದು ಕ್ಷಣ, ಸುಳ್ಳು ಯಾಕೆ, ಇನ್ನೊಂದು ಲಕ್ಷಕ್ಕೆ ಏನು ಕೊಳ್ಳಬಹುದು ಅಂತ ಯೋಚಿಸಿದೆ.