ಕೊನೆಯ ತೂಬಿನ ನೀರು

ರಾತ್ರಿಗಳೆಲ್ಲವೂ ಒಂದೇ ಅಳತೆಯವಲ್ಲ. ಶಿವರಾತ್ರಿಯ ಜಾಗರಣೆಗೆ ಭಜನೆಯುಂಟು, ಪನಿವಾರವುಂಟು, ಬೆಳಗಾಗುವ ಹೊತ್ತಿಗೆ ಒಂದಿಷ್ಟು ಪುಣ್ಯವೂ ಉಂಟು. ಪರೀಕ್ಷೆಯ ಹಿಂದಿನ ರಾತ್ರಿಯ ಜಾಗರಣೆಗೆ ಇವಾವುವೂ ಇಲ್ಲ. ಬೆಳಗಾದರೆ ಪರೀಕ್ಷೆಯೊಂದೇ ಉಂಟು. ಆ ರಾತ್ರಿ ಸಂಜೆ ಏಳು ಗಂಟೆಗೆ ಸಮುದ್ರದಂತೆ ವಿಶಾಲವಾಗಿ ಕಾಣುತ್ತದೆ. ನಡುರಾತ್ರಿಗೆ ಕೆರೆಯಷ್ಟಾಗುತ್ತದೆ. ಕೋಳಿ ಕೂಗುವ ಸಮಯಕ್ಕೆ ಬೊಗಸೆಯೊಳಗಿನ ನೀರಾಗಿ, ಬೆರಳ ಸಂದಿಯಿಂದ ಸೋರತೊಡಗುತ್ತದೆ. ಮರುದಿನದ ಪರೀಕ್ಷೆ ಇಂಜಿನಿಯರಿಂಗ್ ಗಣಿತದ್ದಾದರೆ ಸೋರುವ ಸದ್ದೂ ಕಿವಿಗೆ ಕೇಳಿಸುತ್ತದೆ.

ಮಂಡ್ಯದಲ್ಲಿ ಈ ಜಾಗರಣೆ ಆರಂಭವಾಗಿ ಅರವತ್ತು ವರ್ಷಗಳ ಮೇಲಾಯಿತು. ಕೆ. ವಿ. ಶಂಕರಗೌಡರ ಪ್ರಯತ್ನದ ಫಲವಾಗಿ 1962ರಲ್ಲಿ ಇಲ್ಲಿ ಪಿ. ಇ. ಎಸ್. ಇಂಜಿನಿಯರಿಂಗ್ ಕಾಲೇಜು ಹುಟ್ಟಿತು. ಅದುವರೆಗೆ ಕಬ್ಬು, ಬತ್ತ, ಬೆಲ್ಲಗಳ ಲೆಕ್ಕವನ್ನೇ ಬಲ್ಲ ಮನೆಗಳಿಂದ ಹುಡುಗರು ಬಂದು ಸೇತುವೆಯ ಲೆಕ್ಕವನ್ನೂ ಯಂತ್ರದ ಲೆಕ್ಕವನ್ನೂ ಕಲಿಯತೊಡಗಿದರು. ಮೊದಲು ಮೈಸೂರು ವಿಶ್ವವಿದ್ಯಾನಿಲಯ ಇಲ್ಲಿಯ ಪದವಿಯನ್ನು ಕೊಡುತ್ತಿತ್ತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ನಾಡಿನ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳು ಅದರ ಅಧೀನಕ್ಕೆ ಬಂದುವು. ವಿಶ್ವವಿದ್ಯಾನಿಲಯ ಬದಲಾಯಿತು, ಪಠ್ಯಕ್ರಮ ಹಲವು ಬಾರಿ ಬದಲಾಯಿತು. ಹಾಸ್ಟೆಲಿನ ಕಿಟಕಿಯಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಆರದೆ ಉರಿಯುವ ದೀಪ ಮಾತ್ರ ಬದಲಾಗಲಿಲ್ಲ.

ಅಂಥದೊಂದು ದೀಪದ ಕೆಳಗೆ ಮಳವಳ್ಳಿ ತಾಲ್ಲೂಕಿನ ಹುಡುಗನೊಬ್ಬ ಕುಳಿತಿದ್ದಾನೆ. ಹತ್ತನೆಯ ತರಗತಿಯವರೆಗೆ ಅವನು ಓದಿದುದು ಕನ್ನಡದಲ್ಲಿ. ಕನ್ನಡದಲ್ಲಿ ಚೆನ್ನಾಗಿ ಅರ್ಥವಾಗುತ್ತಿದ್ದ ಸಂಗತಿ ಇಂಗ್ಲಿಷಿನಲ್ಲಿ ಹೇಳಿದೊಡನೆ ಅಪರಿಚಿತವಾಗಿ ಎದುರು ನಿಂತಿತು. ಮೊದಲ ವರ್ಷ ಭಾಷೆಯ ಹೊಸ್ತಿಲು ದಾಟುವುದರಲ್ಲಿಯೇ ಮುಗಿಯಿತು. ಬಿಡುವಿನ ದಿನಗಳೆಲ್ಲ ಊರಿನಲ್ಲಿ ಕಬ್ಬಿನ ರವುದಿ ತೆಗೆಯುವುದರಲ್ಲಿ ಕಳೆದುವು. ಉಳಿದುದನ್ನು ಹರೆಯದ ಸಹಜವಾದ ಸೋಮಾರಿತನ ನುಂಗಿತು. ಕೊನೆಯ ಗಳಿಗೆಯಲ್ಲಿ ಓದುವವನನ್ನು ಕಂಡು ‘ಇಷ್ಟು ದಿನ ಏನು ಮಾಡುತ್ತಿದ್ದೆ?’ ಎಂದು ಕೇಳುವುದು ಸುಲಭ. ಅದಕ್ಕೆ ಪ್ರಾಮಾಣಿಕವಾದ ಉತ್ತರ ಕೊಡಬೇಕಾದರೆ ಒಂದು ಮನೆತನದ ಚರಿತ್ರೆಯನ್ನೇ ಹೇಳಬೇಕಾಗುತ್ತದೆ. ಅದರೊಳಗೆ ಒಂದೆರಡು ಅಧ್ಯಾಯ ಸಿನಿಮಾಕ್ಕೂ ಸಲ್ಲುತ್ತವೆ ಎಂಬುದನ್ನು ಮುಚ್ಚಿಡಲಾಗದು.

ನಾಳೆಯದು ಮೂರನೆಯ ಸೆಮಿಸ್ಟರಿನ ಗಣಿತ. ಹುಡುಗರ ಬಾಯಲ್ಲಿ ಅದಕ್ಕೆ ‘ಎಂ-ತ್ರೀ’ ಎಂದು ಹೆಸರು; ಹೆಸರು ಹೇಳುವಾಗ ದನಿ ತಾನಾಗಿಯೇ ತಗ್ಗುತ್ತದೆ. ಒಮ್ಮೆ ಫೇಲಾದರೆ ಅದು ‘ಬ್ಯಾಕ್’ ಆಗಿ ಮುಂದಿನ ಸೆಮಿಸ್ಟರಿನ ಬೆನ್ನಿಗೆ ಅಂಟುತ್ತದೆ. ಅಂಥವು ನಾಲ್ಕಾರು ಕೂಡಿದರೆ ಒಂದು ವರ್ಷವೇ ಕೈಬಿಟ್ಟು ಹೋಗುತ್ತದೆ. ಒಂದು ವರ್ಷವೆಂದರೆ ಮಳವಳ್ಳಿಯ ಆ ಮನೆಗೆ ಒಂದು ಬೆಳೆ ಕಬ್ಬು. ಜೊತೆಗೆ ಸೊಸೈಟಿಯ ಸಾಲದ ಒಂದು ವರ್ಷದ ಬಡ್ಡಿ.

ಆದುದರಿಂದ ಅವನು ಮೊದಲು ಗಣಿತವನ್ನು ಬಿಟ್ಟು ಅಂಕಗಣಿತಕ್ಕೆ ಕೈಹಾಕಿದನು. ಇತ್ತೀಚಿನ ವರ್ಷಗಳ ಪದ್ಧತಿಯಂತೆ ಪ್ರಶ್ನೆಪತ್ರಿಕೆಯಲ್ಲಿ ಐದು ಘಟಕಗಳು. ಪ್ರತಿಯೊಂದರಲ್ಲಿಯೂ ಎರಡು ಪೂರ್ಣ ಪ್ರಶ್ನೆಗಳು. ಒಂದನ್ನು ಬರೆದರೆ ಸಾಕು. ಪ್ರಶ್ನೆಗೆ 20 ಅಂಕ, ಒಟ್ಟು 100, ಕಾಲ ಮೂರು ಗಂಟೆ. ಗೆಲ್ಲಲು ಬೇಕಾದುದು 35. ಎರಡು ಘಟಕಗಳನ್ನು ತಪ್ಪಿಲ್ಲದೆ ಬರೆದರೆ 40. ಐದರ ಅಂತರದಲ್ಲಿ ದಡ. ಆದರೆ ತಪ್ಪಿಲ್ಲದೆ ಬರೆಯುವ ಧೈರ್ಯ ಯಾರಿಗಿದೆ? ಆದ್ದರಿಂದ ಮೂರು ಘಟಕಗಳನ್ನು ಹಿಡಿಯಬೇಕು, ಎರಡನ್ನು ದೇವರಿಗೆ ಬಿಡಬೇಕು. ಕೊನೆಯ ರಾತ್ರಿಯ ವಿದ್ಯೆಯಲ್ಲಿ ಮೊದಲನೆಯ ಪಾಠ ಇದು: ಏನನ್ನು ಓದಬೇಕೆಂಬುದಲ್ಲ, ಏನನ್ನು ಬಿಡಬೇಕೆಂಬುದು. ಲಾಪ್ಲಾಸ್ ಇರಲಿ, ಫೂರಿಯೆ ಶ್ರೇಣಿ ಇರಲಿ, ಸಂಖ್ಯಾತ್ಮಕ ವಿಧಾನಗಳು ಇರಲಿ. ಉಳಿದುವಕ್ಕೆ ದೂರದಿಂದಲೇ ನಮಸ್ಕಾರ.

ಪಕ್ಕದ ಹಾಸಿಗೆಯ ಗೆಳೆಯ ಮದ್ದೂರಿನವನು. ಅವನಿಗೆ ಈ ಆತಂಕವೆಲ್ಲ ಅನಗತ್ಯವೆಂದು ತೋರಿತು. ಮಂಡಿಯ ಮೇಲೆ ಜೆರಾಕ್ಸಿನ ಕಟ್ಟನ್ನಿಟ್ಟುಕೊಂಡು ಅವನು ತನ್ನ ಊರಿನ ಕಥೆ ಹೇಳಿದನು. 1917ರಲ್ಲಿ ಮದ್ದೂರಿನ ರೈಲ್ವೆ ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುದ್ಯ ಎಂಬವರು ಪಕೋಡ ಕರಿಯಲು ಸಿದ್ಧರಾಗುವ ಹೊತ್ತಿಗೆ ರೈಲು ಬಂದೇ ಬಿಟ್ಟಿತಂತೆ. ಬಿಡಿಬಿಡಿಯಾಗಿ ಕರಿಯಲು ಹೊತ್ತಿಲ್ಲ. ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರು. ಮದ್ದೂರು ವಡೆ ಹುಟ್ಟಿತು! ‘ಕೊನೇ ಗಳಿಗೆ ಅಂತ ಹೀಗಳೀಬೇಡ ಕಣ್ಲಾ. ಇಡೀ ಮೈಸೂರು ಲೈನಿಗೆ ತಿಂಡಿ ಹಾಕಿದ್ದು ಕೊನೇ ಗಳಿಗೇನೆ’ ಎಂದು ಅವನು ಸಾಧಿಸಿದನು.

ಜನ ಹೇಳುವ ಈ ಕಥೆ ಸೊಗಸಾಗಿದೆ. ಗೆಳೆಯನ ತರ್ಕದಲ್ಲಿ ಮಾತ್ರ ಒಂದು ತೂತಿದೆ. ರೈಲು ಬಂದಾಗ ಆ ಬಾಣಸಿಗನಿಗೆ ಹೊತ್ತಿರಲಿಲ್ಲ, ನಿಜ. ಆದರೆ ಹಿಟ್ಟು ಕಲಸಿ ಸಿದ್ಧವಾಗಿತ್ತು, ಎಣ್ಣೆ ಕಾದಿತ್ತು, ಕೈಗೆ ಹದ ಗೊತ್ತಿತ್ತು. ಆತುರ ಆಕಾರವನ್ನಷ್ಟೇ ಬದಲಾಯಿಸಿತು. ಹಿಟ್ಟನ್ನೇ ಕಲಸದವನಿಗೆ ರೈಲು ಎಷ್ಟು ಹೊತ್ತು ನಿಂತರೂ ವಡೆ ಹುಟ್ಟುವುದಿಲ್ಲ.

ಮನಸ್ಸಿನ ಹದವನ್ನು ಅಳೆದು ನೋಡಿದ ವಿದ್ವಾಂಸರೂ ಇದ್ದಾರೆ. ಜರ್ಮನಿಯ ಹೆರ್ಮಾನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಮರೆತುದರ ಲೆಕ್ಕವಿಟ್ಟು 1885ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಹಾಗೆ ಕಲಿತುದರಲ್ಲಿ ಮೂರರಲ್ಲಿ ಎರಡು ಪಾಲು ಒಂದು ದಿನದೊಳಗೆ ಕರಗಿಹೋಗುತ್ತದೆಯೆಂದೂ, ಅದೇ ಪರಿಶ್ರಮವನ್ನು ಹಲವು ದಿನಗಳಿಗೆ ಹಂಚಿದರೆ ಹೆಚ್ಚು ನಿಲ್ಲುತ್ತದೆಯೆಂದೂ ಕಂಡುಕೊಂಡನು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಇನ್ನೊಂದು ಪ್ರಯೋಗದ ಫಲವನ್ನು ಮುಂದಿಟ್ಟರು. ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪುಸ್ತಕ ಮುಚ್ಚಿ, ನೆನಪಿನಿಂದ ಬರೆದು ನೋಡಿಕೊಂಡವರು ಒಂದು ವಾರದ ನಂತರ ಮುಂದಿದ್ದರು. ಇದರಲ್ಲಿ ಕೊನೆಯ ರಾತ್ರಿಯ ಓದಿನ ಗುಟ್ಟೂ ಇದೆ, ಮೋಸವೂ ಇದೆ. ಆ ಓದು ಪೂರ್ತಿ ನಿಷ್ಫಲವಲ್ಲ; ಬೆಳಗಿನವರೆಗೆ ಒಂದಷ್ಟು ಉಳಿಯುತ್ತದೆ. ಆದರೆ ಓದುತ್ತಿರುವಾಗ ಎಲ್ಲವೂ ಬರುತ್ತದೆಯೆಂಬ ಭ್ರಮೆ ಹುಟ್ಟುತ್ತದೆ. ಪುಟ ಕಣ್ಣಿಗೆ ಪರಿಚಿತವಾದುದನ್ನೇ ಮನಸ್ಸು ತನಗೆ ತಿಳಿಯಿತೆಂದು ಎಣಿಸುತ್ತದೆ.

ರಾತ್ರಿ ಹನ್ನೆರಡರ ಹೊತ್ತಿಗೆ ಫೋನು ಸದ್ದುಮಾಡಿತು. ಆ ಹೊತ್ತಿನಲ್ಲಿ ಊರಿನಿಂದ ಕರೆ ಬಂದರೆ ಎದೆ ಒಮ್ಮೆ ಹಾರುವುದು ಸಹಜ.

‘ಉಂಡ್ಯೇನ್ಲಾ ಮಗ?’

‘ಹೂಂ ಕಣಪ್ಪ, ಉಂಡೆ. ನೀನ್ಯಾಕೆ ಇನ್ನೂ ಮನಿಕ್ಕಂಡಿಲ್ಲ?’

‘ಗದ್ದೇತಾವ ಇವ್ನಿ. ಇವತ್ತು ನಮ್ದು ಸರದಿ. ಮೇಗ್ಲೋರ್ದು ಇನ್ನೂ ಮುಗ್ದಿಲ್ಲ. ಎಲ್ಡೂವರೆ ಆಯ್ತದೆ ಅಂದ ಸೌಡಿ.’

‘ಬತ್ತದಾ ನೀರು?’

‘ಬತ್ತದೆ. ಕಾಲ್ವೆ ಕಡ್ದು, ಬದ ಕಟ್ಟಿಕ್ಕಿವ್ನಿ. ಎಷ್ಟು ಬಂದ್ರೆ ಅಷ್ಟು. ನೀ ಓದ್ಕೊ. ಆಮ್ಯಾಕೆ ಒಸಿ ಮನಿಕ್ಕೊ.’

ಹುಡುಗ ಫೋನನ್ನು ಕೆಳಗಿಟ್ಟನು. ಆ ಮಾತಿನ ಪೂರ್ತಿ ಅರ್ಥ ತಿಳಿಯಬೇಕಾದರೆ ನಾಲೆಯ ಜಾಡನ್ನು ಬಲ್ಲವರಾಗಿರಬೇಕು. ಕನ್ನಂಬಾಡಿಯ ನೀರು ಹುಲಿಕೆರೆಯ ಸುರಂಗವನ್ನು ಹಾಯ್ದು ವಿಶ್ವೇಶ್ವರಯ್ಯ ನಾಲೆಯಾಗಿ ಮಂಡ್ಯದ ಬಯಲಿಗೆ ಇಳಿಯುತ್ತದೆ. ಮದ್ದೂರು, ಮಳವಳ್ಳಿಗಳ ಕಡೆಗೆ ಸಾಗುತ್ತ ಸಾಗುತ್ತ ಉಪನಾಲೆಗಳಾಗಿ ಕವಲೊಡೆದು ಬಡವಾಗುತ್ತದೆ. ನೀರು ಕಡಿಮೆಯಾದ ವರ್ಷ ‘ಕಟ್ಟುನೀರು’. ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ನಾಲೆಯ ತಲೆಯಲ್ಲಿರುವವನ ಗದ್ದೆ ಮೊದಲು ನೆನೆಯುತ್ತದೆ. ಕೊನೆಯ ತೂಬಿನವನು ನಡುರಾತ್ರಿಯಲ್ಲಿ ಲಾಟೀನನ್ನೋ ಟಾರ್ಚನ್ನೋ ಹಿಡಿದು ಕಾಯಬೇಕು. ಅವನಿಗೆ ನೀರು ಯಾವಾಗಲೂ ಕೊನೆಯ ಗಳಿಗೆಯಲ್ಲಿಯೇ ಬರುತ್ತದೆ. ಅದು ಅವನ ಸೋಮಾರಿತನವಲ್ಲ, ಅವನ ಹೊಲವಿರುವ ಜಾಗ. ಅದೇ ರಾತ್ರಿ ಮಂಡ್ಯದಲ್ಲಿ ಮಗ, ಮಳವಳ್ಳಿಯ ಬಯಲಿನಲ್ಲಿ ತಂದೆ, ಇಬ್ಬರೂ ಕೊನೆಯ ತೂಬಿನಲ್ಲಿ ಕುಳಿತಿದ್ದರು. ಇಬ್ಬರಿಗೂ ಇದ್ದ ಅಂತರ ಒಂದೇ: ತಂದೆ ಬದುವನ್ನು ಮೊದಲೇ ಕಟ್ಟಿದ್ದನು.

ಕನ್ನಂಬಾಡಿಯ ಕಟ್ಟೆಯೂ ಇದೇ ವಿವೇಕದಿಂದ ಎದ್ದುದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿಯೇ ಕಾವೇರಿಯಿಂದ ವಿದ್ಯುತ್ತನ್ನು ತೆಗೆದು, ತೊಂಬತ್ತಕ್ಕೂ ಹೆಚ್ಚು ಮೈಲಿ ತಂತಿಯೆಳೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಮಳೆಗಾಲದಲ್ಲಿ ಅಲ್ಲಿ ಧುಮುಕುವ ನೀರನ್ನು ಕಂಡವರಿಗೆ ಇಷ್ಟು ಶಕ್ತಿಗೆ ಎಂದಾದರೂ ಬರ ಬಂದೀತೆ ಎನಿಸುತ್ತದೆ. ಬೇಸಗೆಯಲ್ಲಿ ಹೊಳೆ ಸೊರಗಿದರೆ ಯಂತ್ರಗಳೂ ಸೊರಗುತ್ತಿದ್ದುವು. ಗಣಿಗಾದರೋ ವರ್ಷದ ಎಲ್ಲ ದಿನವೂ ವಿದ್ಯುತ್ತು ಬೇಕು. ಜಲಪಾತ ಎಷ್ಟು ಎತ್ತರದ್ದಾದರೂ ಮೇಲೆ ನೀರನ್ನು ಕೂಡಿಡದೆ ನಡೆಯದೆಂದು ಮನಗಂಡು, 1911ರಲ್ಲಿ ಕಟ್ಟೆಯ ಕೆಲಸವನ್ನು ಪ್ರಾರಂಭಿಸಿದರು. ಮಂಡ್ಯದ ಬಯಲು ಹಸಿರಾದುದೂ ಆ ಸಂಗ್ರಹದಿಂದಲೇ. ಮುಖ್ಯ ಇಂಜಿನಿಯರಾಗಿ ಅದನ್ನು ರೂಪಿಸಿದ ವಿಶ್ವೇಶ್ವರಯ್ಯನವರು ಸ್ವತಃ ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಟ್ಟು ಬಂದ ಹಣದಿಂದ ಓದಿದವರು. ಅವರ ಹೆಸರಿನ ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಒಂದೇ ರಾತ್ರಿಯಲ್ಲಿ ಸಿದ್ಧನಾಗಲು ಹೊರಟವನಿಗೆ ಈ ಸಂಗತಿ ನೆನಪಾಗದಿದ್ದರೇ ನೆಮ್ಮದಿ!

ಬೆಳಿಗ್ಗೆ ಪ್ರಶ್ನೆಪತ್ರಿಕೆ ಕೈಗೆ ಬಂದಿತು. ರಾತ್ರಿಯೆಲ್ಲ ಉರು ಹೊಡೆದಿದ್ದ ಲಾಪ್ಲಾಸ್ ಮೊದಲನೆಯ ಘಟಕದಲ್ಲಿಯೇ ಕಾಣಿಸಿಕೊಂಡಿತು. ಅವಕಲನದ ಕಗ್ಗಂಟನ್ನು ಸಾಮಾನ್ಯ ಬೀಜಗಣಿತವನ್ನಾಗಿ ಬಿಡಿಸಿ ಕೊಡುವುದೇ ಆ ವಿಧಾನದ ಚಮತ್ಕಾರ. ಆದರೆ ಅಲ್ಲೊಂದು ಕರಾರುಂಟು: ಆರಂಭದ ಬೆಲೆಯನ್ನು ಮರೆಯದೆ ಕಳೆಯಬೇಕು. ನಿದ್ದೆಗೆಟ್ಟ ಹುಡುಗ ಅದನ್ನೇ ಮರೆತನು. ಎರಡು ಪುಟ ನಡೆದ ಲೆಕ್ಕ ಎಲ್ಲಿಯೂ ಸೇರದೆ ನಿಂತಿತು. ಫೂರಿಯೆ ಅರ್ಧ ದಾರಿಗೆ ಬಂದು ಕೈಬಿಟ್ಟಿತು. ಅಂಗೈ ಬೆವರಿತು, ಗೋಡೆಯ ಗಡಿಯಾರದಲ್ಲಿ ಒಂದೂವರೆ ಗಂಟೆ ಕಳೆದಿತ್ತು.

ಉಳಿದುದು ಸಂಖ್ಯಾತ್ಮಕ ವಿಧಾನಗಳ ಘಟಕ. ರುಂಗೆ ಮತ್ತು ಕುಟ್ಟಾ ಎಂಬ ಜರ್ಮನ್ ಗಣಿತಜ್ಞರ ಹೆಸರಿನ ವಿಧಾನ ಅಲ್ಲಿತ್ತು. ಕೊಟ್ಟ ಆರಂಭದಿಂದ ಹೊರಟು, ಒಂದೇ ನೆಗೆತಕ್ಕೆ ಗುರಿ ಮುಟ್ಟಲು ಹೋಗದೆ, ಸಣ್ಣ ಹೆಜ್ಜೆಯಿಡುವುದು. ಪ್ರತಿ ಹೆಜ್ಜೆಗೂ ನಾಲ್ಕು ಸಲ ಇಳಿಜಾರನ್ನು ಅಳೆದು, ತಕ್ಕ ತೂಕದ ಸರಾಸರಿ ತೆಗೆದು ಮುಂದುವರಿಯುವುದು. ಇದನ್ನು ಅವನು ಆ ರಾತ್ರಿ ತೆರೆದೂ ನೋಡಿರಲಿಲ್ಲ, ಹೊತ್ತಾಗಿರಲಿಲ್ಲ. ಆದರೆ ಎರಡು ತಿಂಗಳ ಹಿಂದೆ, ಇಂಟರ್ನಲ್ಸ್ ಪರೀಕ್ಷೆಗೆ ಮೊದಲು, ಮದ್ದೂರಿನ ಗೆಳೆಯ ‘ಇದೊಂದು ಹೇಳಿಕೊಡ್ಲಾ’ ಎಂದು ಪೀಡಿಸಿದ್ದಕ್ಕೆ ಎರಡು ಸಂಜೆ ಕುಳಿತು ಹೇಳಿಕೊಟ್ಟಿದ್ದನು. ತಪ್ಪಿದಾಗ ತಿದ್ದಿದ್ದನು, ಗೆಳೆಯನಿಗೆ ತಿಳಿಯದೆ ಹೋದಾಗ ಬೇರೆ ದಾರಿಯಿಂದ ಬಂದಿದ್ದನು. ಪೆನ್ನು ಕಾಗದದ ಮೇಲೆ ತಾನಾಗಿ ಓಡಿತು. ಇಪ್ಪತ್ತು ಅಂಕದ ಪ್ರಶ್ನೆ ಪೂರ್ತಿಯಾಗಿ ಮುಗಿಯಿತು. ಆ ಗೆಲುವಿನ ಬಿಸಿಯಲ್ಲಿ ಫೂರಿಯೆಯ ಉಳಿದರ್ಧವೂ ನೆನಪಿಗೆ ಬಂದಿತು.

ಕೆಲವು ವಾರಗಳ ಮೇಲೆ ಫಲಿತಾಂಶ ಹೊರಬಿದ್ದಾಗ ಅವನು ದಡದ ಮೇಲಿದ್ದನು. ದಡದಿಂದ ಬಹಳ ದೂರವೇನೂ ಅಲ್ಲ. ಗೆಳೆಯನೂ ಪಾಸಾಗಿದ್ದನು, ಒಂದೆರಡು ಅಂಕ ಹೆಚ್ಚಿಗೆಯೇ. ಅದು ವಡೆಯ ಮಹಿಮೆಯೆಂದು ಅವನು ಇಂದಿಗೂ ಸಾಧಿಸುತ್ತಾನೆ. ಮಳವಳ್ಳಿಯ ಕಬ್ಬಿಗೂ ಆ ರಾತ್ರಿ ನೀರು ಬಂದಿತ್ತು; ಹೆಚ್ಚಿಗೆ ಬರಲಿಲ್ಲ, ಬಂದುದು ಪೋಲಾಗಲಿಲ್ಲ.

ಕೊನೆಯ ರಾತ್ರಿಯನ್ನು ಪೂರ್ತಿ ದೂಷಿಸಬೇಕಾಗಿಲ್ಲ. ಲೋಕದಲ್ಲಿ ಎಲ್ಲರ ಹೊಲವೂ ನಾಲೆಯ ತಲೆಯಲ್ಲಿರುವುದಿಲ್ಲ. ಕೆಲವರ ಪಾಲಿನ ನೀರು ತಡವಾಗಿಯೇ ಬರುತ್ತದೆ. ಆದರೆ ಹಾಗೆ ಬಂದುದನ್ನು ಹಿಡಿದಿಡುವುದು ಎಂದೋ ಕಟ್ಟಿದ ಬದು. ಇಂಜಿನಿಯರಿಂಗಿನ ಹುಡುಗನಿಗೆ ಇದು ಚೆನ್ನಾಗಿ ಮನದಟ್ಟಾಯಿತು. ಮುಂದಿನ ಸೆಮಿಸ್ಟರಿನ ಮೊದಲನೆಯ ಭಾನುವಾರವೇ ಅವನು ಹೊಸ ನೋಟುಪುಸ್ತಕವನ್ನು ತೆರೆದು, ಪುಸ್ತಕ ಮುಚ್ಚಿಟ್ಟುಕೊಂಡು ಹತ್ತು ಲೆಕ್ಕಗಳನ್ನು ಮಾಡಿದನು. ಎರಡನೆಯ ಭಾನುವಾರ ಆರು ಮಾಡಿದನು. ಮೂರನೆಯ ಭಾನುವಾರದ ವಿಚಾರ ಸದ್ಯಕ್ಕೆ ಬೇಡ. ಆ ದಿನ ಮಂಡ್ಯದಲ್ಲಿ ಹೊಸ ಸಿನಿಮಾ ಬಂದಿತ್ತು.